ನೆಲಕ್ಕೆ ಕುಂತ ಕಾರು, ಎದ್ದು ನಿಂತ ಹಂಪ್ಸು

ಕಾರು ಕೊಂಡದ್ದು ಓಡಿಸುವುದಕ್ಕೆ. ಕೊಂಡ ಮೇಲೆ ಎರಡು ಲಕ್ಷ ಸುರಿದದ್ದು ಅದು ಓಡದಂತೆ ಮಾಡುವುದಕ್ಕೆ. ಹೀಗಂದರೆ ಕಾರಿನವರಿಗೆ ಸಿಟ್ಟು ಬರುತ್ತದೆ. ಅವರು ಇದಕ್ಕಿಟ್ಟ ಹೆಸರು ‘ಸಸ್ಪೆನ್ಷನ್ ಅಪ್‌ಗ್ರೇಡ್’.

ಅಪ್‌ಗ್ರೇಡ್ ನೋಡಬೇಕಿದ್ದರೆ ಬೈರಕೂರಿಗೆ ಬನ್ನಿ. ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರ. ಇತ್ತ ಕೋಲಾರ, ಅತ್ತ ಆಂಧ್ರದ ಗಡಿ. ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು, ಮಿಕ್ಕಿದ್ದೆಲ್ಲ ಟೊಮೆಟೊ. ಭಾನುವಾರ ಹೊತ್ತು ಹುಟ್ಟುವ ಮುಂಚೆಯೇ ಬೆಂಗಳೂರಿನಿಂದ ಹೆದ್ದಾರಿ ಹಿಡಿದು ಬರುವ ಒಂದು ಜಾತಿಯ ಕಾರುಗಳಿವೆ. ಹೆಸರಿಗೆ ‘ಡ್ರೈವ್’. ಗುರಿ ಮುಳಬಾಗಿಲು ದೋಸೆ. ದೋಸೆ ತಿಂದ ಮೇಲೆ ಹಳ್ಳಿ ದಾರಿಯಲ್ಲಿ ಕಾರಿನ ಫೋಟೊ ತೆಗೆಯುವ ಚಪಲ. ಹೆದ್ದಾರಿ ಬಿಟ್ಟು ಒಳಕ್ಕೆ ಹೊರಳುತ್ತಾರೆ.

ಅಲ್ಲಿ ಹಂಪ್ಸ್ ಕಾದಿರುತ್ತದೆ.

ಕಾರು ನಿಲ್ಲುತ್ತದೆ. ಮುನ್ನೂರು ಕುದುರೆಬಲ. ಸೊನ್ನೆಯಿಂದ ನೂರಕ್ಕೆ ಐದು ಸೆಕೆಂಡು. ಹಂಪ್ಸ್ ದಾಟುವುದಕ್ಕೆ ಐದು ನಿಮಿಷ. ಪಕ್ಕದಲ್ಲಿ ಕುಂತಿದ್ದ ಗೆಳೆಯ ಇಳಿಯುತ್ತಾನೆ. ಮಂಡಿಯೂರಿ ಕಾರಿನಡಿ ಇಣುಕುತ್ತಾನೆ. ‘ಬಾ ಮಚ್ಚಾ, ಬಾ, ಬಾ, ನಿಲ್ಸು! ರೈಟ್ ಕಟ್ ಮಾಡು.’ ಕಾರು ರಸ್ತೆಗೆ ಅಡ್ಡಡ್ಡ ತಿರುಗುತ್ತದೆ. ಒಂದೊಂದೇ ಚಕ್ರ ಹತ್ತಿಸುತ್ತಾರೆ. ಆದರೂ ಕೆಳಗೆ ಕರ್ರೆಂದು ಉಜ್ಜುತ್ತದೆ. ಆ ಸದ್ದಿಗೆ ಓನರ್ ಮುಖ ನೋಡಬೇಕು.

ಹಿಂದೆ ಟೊಮೆಟೊ ತುಂಬಿದ ಪಿಕಪ್ಪು ಹಾರ್ನ್ ಬಾರಿಸುತ್ತಿರುತ್ತದೆ. ವಡ್ಡಹಳ್ಳಿ ಮಾರುಕಟ್ಟೆಯ ಹರಾಜು ಯಾರ ಕಾರಿಗೂ ಕಾಯುವುದಿಲ್ಲ.

ಯಾಕಪ್ಪಾ ಇಷ್ಟು ತಗ್ಗಿಸಿದ್ದೀಯ ಎಂದು ಕೇಳಿ ನೋಡಿ. ಉತ್ತರ ರೆಡಿ ಇರುತ್ತದೆ. ‘ಹ್ಯಾಂಡ್ಲಿಂಗ್‌ಗೆ ಅಂಕಲ್.’

ಹಾಗಂದುಬಿಟ್ಟರೆ ಮುಗಿಯಿತು, ಮುಂದೆ ಯಾರೂ ಲೆಕ್ಕ ಕೇಳುವಂತಿಲ್ಲ. ನಾವು ಕೇಳೋಣ. ದುಡ್ಡು ಅವರದು, ಸರಿ. ರಸ್ತೆ ನಮ್ಮದು.

ತಿರುವಿನಲ್ಲಿ ಕಾರು ನುಗ್ಗಿದಾಗ ಒಳಮಗ್ಗುಲ ಚಕ್ರಗಳ ಭಾರ ಹೊರಮಗ್ಗುಲ ಚಕ್ರಗಳಿಗೆ ದಾಟುತ್ತದೆ. ಎಷ್ಟು ದಾಟಬೇಕೆಂದು ತೀರ್ಮಾನಿಸುವುದು ಕಾರಿನ ತೂಕ, ತಿರುವಿನ ರಭಸ, ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂಬುದು, ಎಡ-ಬಲ ಚಕ್ರಗಳ ನಡುವಿನ ಅಗಲ. ಈ ಪಟ್ಟಿಯಲ್ಲಿ ಸ್ಪ್ರಿಂಗ್ ಇಲ್ಲ. ಇನ್ನೊಂದು ಸಲ ಓದಿ. ಇಲ್ಲ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಕಾರು ವಾಲುವುದು ಕಮ್ಮಿಯಾಗುತ್ತದೆ. ದಾಟುವ ಭಾರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ವಾಲುವುದು ಕಣ್ಣಿಗೆ ಕಾಣದಿದ್ದರೆ ಹಿಡಿತ ಬಂತು ಎಂದು ನಂಬುತ್ತಾರೆ. ಎರಡು ಲಕ್ಷ ಕೊಟ್ಟವನು ಇನ್ನೇನನ್ನು ನಂಬಿಯಾನು?

ಎತ್ತರ ತಗ್ಗಿಸಿದರೆ ಭಾರಕೇಂದ್ರ ಇಳಿಯುತ್ತದಲ್ಲ ಅನ್ನುತ್ತಾರೆ. ಇಳಿಯುತ್ತದೆ. ಲಾಭ ಎಷ್ಟು? ಕಾರು 1,400 ಕೆ.ಜಿ., ಭಾರಕೇಂದ್ರ ನೆಲದಿಂದ 50 ಸೆಂ.ಮೀ., ಚಕ್ರಗಳ ನಡುವೆ 150 ಸೆಂ.ಮೀ. ಅಂದುಕೊಳ್ಳಿ. ಟೈರು ಕಿರುಚುವ ಹಾಗೆ, ಅಂದರೆ ಗುರುತ್ವದ 0.8 ಪಟ್ಟು ರಭಸದಲ್ಲಿ ತಿರುಗಿಸಿದರೆ ಸುಮಾರು 373 ಕೆ.ಜಿ. ಭಾರ ಹೊರಮಗ್ಗುಲಿಗೆ ದಾಟುತ್ತದೆ. ಈಗ ಕಾರನ್ನು ಮೂರು ಸೆಂ.ಮೀ. ತಗ್ಗಿಸಿ. 351 ಕೆ.ಜಿ. ದಾಟುತ್ತದೆ. ಉಳಿದದ್ದು 22.

ಕೋಲಾರದ ಟೊಮೆಟೊ ಬಾಕ್ಸ್ 15 ಕೆ.ಜಿ. ಅಲ್ಲಿಗೆ ಎರಡು ಲಕ್ಷ ಕೊಟ್ಟು ಒಂದೂವರೆ ಬಾಕ್ಸ್ ಟೊಮೆಟೊ ಇಳಿಸಿಕೊಂಡ ಹಾಗಾಯಿತು. 2023ರ ಜುಲೈನಲ್ಲಿ ಬಾಕ್ಸಿಗೆ ಎರಡು ಸಾವಿರ ದಾಟಿ ದೇಶವೇ ಬಾಯಿ ಬಡಿದುಕೊಂಡಾಗಲೂ ಈ ರೇಟು ಸಿಕ್ಕಿರಲಿಲ್ಲ.

ಎಂಬತ್ತು ಕೆ.ಜಿ.ಯ ಆ ಗೆಳೆಯನನ್ನು ಮನೆಯಲ್ಲೇ ಬಿಟ್ಟು ಬಂದಿದ್ದರೆ ಹತ್ತಿರಹತ್ತಿರ ಇಷ್ಟೇ ಲಾಭವಾಗುತ್ತಿತ್ತು. ಬಿಲ್ಲಿಲ್ಲದೆ. ಆದರೆ ಹಂಪ್ಸ್ ಬಂದಾಗ ಇಳಿದು ಇಣುಕುವವರು ಯಾರು?

ಕಥೆ ಇಲ್ಲಿಗೆ ನಿಲ್ಲುವುದಿಲ್ಲ. ನಮ್ಮಲ್ಲಿ ಓಡುವ ಬಹುಪಾಲು ಕಾರುಗಳಿಗೆ ಮುಂದಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಕೆಳಗೊಂದು ಆರ್ಮ್, ಮೇಲೆ ಸ್ಪ್ರಿಂಗ್ ಹೊತ್ತ ಸ್ಟ್ರಟ್. ಖರ್ಚು ಕಮ್ಮಿ, ಜಾಗ ಕಮ್ಮಿ. ಆರ್ಮ್ ಇಂತಿಷ್ಟೇ ಕೋನದಲ್ಲಿ ಕೂರಬೇಕೆಂದು ಕಂಪನಿಯ ಎಂಜಿನಿಯರು ವರ್ಷಗಟ್ಟಲೆ ಕೂತು ಲೆಕ್ಕ ಹಾಕಿರುತ್ತಾನೆ. ಕಾರು ತಗ್ಗಿಸಿದರೆ ಆರ್ಮಿನ ಹೊರತುದಿ ಮೇಲಕ್ಕೇಳುತ್ತದೆ. ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರು, ಭಾರಕೇಂದ್ರ ಇಳಿದದ್ದಕ್ಕಿಂತ ಹೆಚ್ಚು ಇಳಿಯುತ್ತದೆ. ಎರಡರ ನಡುವಿನ ಅಂತರ ಹಿಗ್ಗುತ್ತದೆ. ಅಂತರ ಹಿಗ್ಗಿದಷ್ಟೂ ಕಾರನ್ನು ವಾಲಿಸುವ ಬಲ ಹೆಚ್ಚು. ವಾಲದಿರಲಿ ಎಂದು ತಗ್ಗಿಸಿದ ಕಾರಿಗೆ ಈಗ ವಾಲುವ ಆಸೆ ಜಾಸ್ತಿಯಾಯಿತು. ಅದನ್ನು ತಡೆಯುವುದಕ್ಕೆ ಇನ್ನೂ ಗಟ್ಟಿ ಸ್ಪ್ರಿಂಗ್. ಅದಕ್ಕೆ ಇನ್ನೊಂದು ಬಿಲ್.

ಸ್ಟೇರಿಂಗ್ ರಾಡಿನ ಕೋನವೂ ಕೆಡುತ್ತದೆ. ಚಕ್ರ ಗುಂಡಿಗೆ ಬಿದ್ದರೆ ಕೈ ತಿರುಗಿಸದಿದ್ದರೂ ತಾನೇ ತಿರುಗುತ್ತದೆ. ಎಂಜಿನಿಯರುಗಳು ಇದನ್ನು ಬಂಪ್ ಸ್ಟಿಯರ್ ಎಂದು ಕರೆದು ದೋಷಗಳ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಭಾನುವಾರದವರು ‘ರೋಡ್ ಫೀಲ್’ ಎಂದು ಕರೆದು ಗೆಳೆಯರಿಗೆ ವರ್ಣಿಸುತ್ತಾರೆ.

ಮಾಮೂಲಿ ಕಾರಿನಲ್ಲಿ ಚಕ್ರ ಮೇಲೇಳುವುದಕ್ಕೆ ಎಂಟು-ಹತ್ತು ಸೆಂಟಿಮೀಟರ್ ಜಾಗ ಇರುತ್ತದೆ. ಅದರಲ್ಲಿ ಮೂರನ್ನು ಇವರೇ ನುಂಗಿದರು. ಮಿಕ್ಕದ್ದು ಮುಗಿದ ಮೇಲೆ ಸಿಗುವುದು ಬಂಪ್ ಸ್ಟಾಪ್ ಎಂಬ ರಬ್ಬರಿನ ಗಟ್ಟಿ. ತಿರುವಿನ ನಡುವೆ ಗುಂಡಿ ಬಂತು ಅನ್ನಿ. ಬೈರಕೂರಿನ ಕಡೆ ತಿರುವು ಇಲ್ಲದಿದ್ದರೂ ಗುಂಡಿ ಬರುತ್ತದೆ. ಹೊರಮಗ್ಗುಲ ಚಕ್ರ ರಬ್ಬರಿಗೆ ಗುದ್ದುತ್ತದೆ. ಆ ಗಳಿಗೆಯಲ್ಲಿ ಕಾರಿಗೆ ಸ್ಪ್ರಿಂಗೇ ಇಲ್ಲ. ಚಕ್ರ ನೆಗೆಯುತ್ತದೆ. ನೆಗೆದ ಚಕ್ರಕ್ಕೆ ಹಿಡಿತ ಸೊನ್ನೆ. ಕಾರು ರಸ್ತೆ ಬಿಟ್ಟು ಯಾರದೋ ಟೊಮೆಟೊ ತೋಟದ ಕಡೆ ಹೊರಡುತ್ತದೆ.

ಟೈರು ನೆಲ ಕಚ್ಚಿದ್ದರೆ ಕಾರು ತಿರುಗುತ್ತದೆ, ನಿಲ್ಲುತ್ತದೆ. ಕಚ್ಚದಿದ್ದರೆ ಏನೂ ಇಲ್ಲ. ಒಂದೊಂದು ಟೈರು ನೆಲ ಮುಟ್ಟುವುದು ಅಂಗೈಯಗಲ ಜಾಗದಲ್ಲಿ. ಅದನ್ನು ನೆಲದಿಂದ ಏಳಗೊಡದಿರುವುದು ಸಸ್ಪೆನ್ಷನ್ನಿನ ಮೊದಲ ಕೆಲಸ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಗಟ್ಟಿ ಸ್ಪ್ರಿಂಗ್ ಅದನ್ನು ಚೆನ್ನಾಗಿ ಮಾಡುತ್ತದೆ. ಒರಟು ದಾರಿಯಲ್ಲಿ ಮೆತ್ತನೆಯದು ಮಾಡುತ್ತದೆ. ಗಟ್ಟಿಯಾದಷ್ಟೂ ಒಳ್ಳೆಯದು ಎಂಬುದು ನಿಜವಾಗಿದ್ದರೆ ಸ್ಪ್ರಿಂಗೇ ಇಲ್ಲದ ನಮ್ಮ ಎತ್ತಿನಗಾಡಿ ಫಾರ್ಮುಲಾ ಒನ್ ಗೆಲ್ಲಬೇಕಿತ್ತು.

ಮಾಮೂಲಿ ಕಾರಿನ ಮೈ ಸೆಕೆಂಡಿಗೆ ಒಂದು, ಒಂದೂವರೆ ಸಲ ಮೇಲೆ ಕೆಳಗೆ ಆಡುವಂತೆ ಸ್ಪ್ರಿಂಗ್ ಇಟ್ಟಿರುತ್ತಾರೆ. ಸ್ಪೋರ್ಟ್ಸ್ ಕಾರಿಗೆ ಒಂದೂವರೆಯಿಂದ ಎರಡು. ರೇಸ್ ಕಾರಿಗೆ ಅದಕ್ಕೂ ಮೇಲೆ. ಸ್ಪ್ರಿಂಗನ್ನು ಎರಡು ಪಟ್ಟು ಗಟ್ಟಿ ಮಾಡಿದರೆ ಈ ಲಯ 1.4 ಪಟ್ಟು ಏರುತ್ತದೆ. ಶಾಕ್ ಅಬ್ಸಾರ್ಬರೂ ಅಷ್ಟೇ ಪಾಲು ಬಿಗಿಯಾಗಬೇಕು. ಆಗುವುದಿಲ್ಲ. ದುಡ್ಡೆಲ್ಲ ಸ್ಪ್ರಿಂಗಿಗೇ ಹೋಯಿತು. ಹಳೇ ಶಾಕಿನ ಮೇಲೆ ಹೊಸ ಸ್ಪ್ರಿಂಗ್. ಹಂಪ್ಸ್ ದಾಟಿ ಅಂಗಡಿ ಬೀದಿ ಮುಗಿದರೂ ಕಾರು ಕುಣಿಯುವುದು ನಿಲ್ಲುವುದಿಲ್ಲ.

ಅಷ್ಟೂ ದುಡ್ಡಿಲ್ಲದವರು ಕಂಪನಿ ಸ್ಪ್ರಿಂಗನ್ನೇ ಗ್ರೈಂಡರ್‌ನಲ್ಲಿ ಕತ್ತರಿಸುತ್ತಾರೆ. ಒಂದೂವರೆ ಸುತ್ತು ಕಟ್. ಕಾರು ಕುಂತಿತು. ಸುತ್ತು ಕಮ್ಮಿಯಾದ ಸ್ಪ್ರಿಂಗ್ ತಾನಾಗಿಯೇ ಗಟ್ಟಿಯಾಗುತ್ತದೆ, ಅದು ಉಚಿತ ಕೊಡುಗೆ. ಕತ್ತರಿಸಿದ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಗಾಳಿಯಲ್ಲಿ ತೂಗಿದಾಗ ಜಾಗ ಬಿಟ್ಟು ಸರಿಯುತ್ತದೆ. ಪುಣ್ಯವಿದ್ದರೆ ವಾಪಸ್ ಕೂರುತ್ತದೆ.

ಮುಳಬಾಗಿಲು ಕಡೆಯ ಒಬ್ಬ ಮೆಕ್ಯಾನಿಕ್, ಲಾರಿಗಳಿಗೆ ಪ್ಲೇಟು ಕಟ್ಟುವುದರಲ್ಲೇ ತಲೆ ನರೆತವರು, ಇಂಥ ಕಾರೊಂದರ ಅಡಿ ಇಣುಕಿ ಎದ್ದರು. ಕೈ ಒರೆಸಿಕೊಂಡು ಕೇಳಿದರು. ‘ಸ್ಪ್ರಿಂಗ್ ಗಟ್ಟಿ ಮಾಡ್ಸಿದ್ರೆ ರೋಡು ಮೆತ್ತಗಾಯ್ತದಾ ಅಣ್ಣಾ?’

ಅಣ್ಣ ಫೋನ್ ನೋಡುತ್ತಿದ್ದರು.

ಆ್ಯಂಟಿ ರೋಲ್ ಬಾರ್ ಎಂಬ ಇನ್ನೊಂದು ಆಟಿಕೆ ಇದೆ. ಮುಂದೆ ದಪ್ಪದ್ದು ಹಾಕಿದರೆ ಕಾರಿನ ಮೂತಿ ತಿರುವಿನಿಂದ ಹೊರಕ್ಕೆ ಜಾರುತ್ತದೆ. ಹಿಂದೆ ದಪ್ಪದ್ದು ಹಾಕಿದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಕಂಪನಿಗಳು ಬೇಕೆಂದೇ ಮೂತಿ ಜಾರುವ ಹಾಗೆ ಇಡುತ್ತವೆ. ಗಾಬರಿ ಬಿದ್ದ ಮನುಷ್ಯ ಆ್ಯಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಾರು ತಾನೇ ಸರಿಹೋಗಲಿ ಎಂದು. ನಮ್ಮ ವೀರರಿಗೆ ಅದು ‘ಬೋರಿಂಗ್’. ಹಿಂದಕ್ಕೆ ದಪ್ಪ ಬಾರ್ ಬೀಳುತ್ತದೆ. ಮೊದಲ ಮಳೆಗೆ ಬೇಜಾರು ಕಳೆಯುತ್ತದೆ.

ಚಕ್ರಗಳನ್ನು ಕಾಲು ಅಗಲಿಸಿ ನಿಂತ ಹಾಗೆ ಓರೆ ಮಾಡುವವರ ವಿಷಯಕ್ಕೆ ನಾನು ಹೋಗುವುದಿಲ್ಲ. ಅವರು ಹ್ಯಾಂಡ್ಲಿಂಗ್ ಎಂದು ಸುಳ್ಳಾದರೂ ಹೇಳುವುದಿಲ್ಲ. ನೋಡೋಕೆ ಚೆನ್ನಾಗಿದೆ ಅನ್ನುತ್ತಾರೆ. ಪ್ರಾಮಾಣಿಕರು.

ತಮಾಷೆ ಎಂದರೆ, ಯುರೋಪಿನ ಕಾರನ್ನು ಇಲ್ಲಿಗೆ ತರುವಾಗ ಕಂಪನಿಗಳು ನಮ್ಮ ರಸ್ತೆ ನೋಡಿ, ತಲೆ ಚಚ್ಚಿಕೊಂಡು, ಎತ್ತರ ಹೆಚ್ಚಿಸುತ್ತವೆ. ಅದರ ದುಡ್ಡು ಕಾರಿನ ಬೆಲೆಯಲ್ಲೇ ಸೇರಿರುತ್ತದೆ. ಎತ್ತಿದ್ದಕ್ಕೆ ಒಮ್ಮೆ ಕೊಟ್ಟವನು ಇಳಿಸುವುದಕ್ಕೆ ಮತ್ತೊಮ್ಮೆ ಕೊಡುತ್ತಾನೆ.

ನಡುವೆ ಸರ್ಕಾರಕ್ಕೂ ಕೊಟ್ಟಿರುತ್ತಾನೆ. 20 ಲಕ್ಷ ಮೀರಿದ ಕಾರಿಗೆ ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ ಶೇ 18. ಮೇಲೆ ಸೆಸ್. 40 ಲಕ್ಷದ ಕಾರಿಗೆ ಏಳು ಲಕ್ಷದ ಮೇಲಾಯಿತು. ಆ ದುಡ್ಡಿಗೆ ಸಿಕ್ಕಿದ್ದೇನು? ಹಂಪ್ಸು.

ಹಾಗಾದರೆ ಹಂಪ್ಸಿನದೇನೂ ತಪ್ಪಿಲ್ಲವೇ? ಇದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಐಆರ್‌ಸಿ 99 ಎಂಬ ಮಾರ್ಗಸೂಚಿ ಬರೆದಿಟ್ಟಿದೆ. ಹಂಪ್ಸ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಹಿತವಾಗಿ ದಾಟಬಹುದು. ಬಣ್ಣ ಇರಬೇಕು, ಮುಂಚೆಯೇ ಎಚ್ಚರಿಕೆಯ ಫಲಕ ಇರಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಂತೂ ಹಂಪ್ಸ್ ಇರಬಾರದು, ತೆಗೆಯಿರಿ ಎಂದು ಕೇಂದ್ರ ಸಾರಿಗೆ ಸಚಿವಾಲಯವೇ 2016ರಲ್ಲಿ ಹೇಳಿತು.

ಹಳ್ಳಿಯ ಹಂಪ್ಸಿಗೆ ಅಳತೆಪಟ್ಟಿ ಗೊತ್ತಿಲ್ಲ. ಮಿಕ್ಕ ಟಾರು ಎಷ್ಟೋ ಅದರ ಎತ್ತರ ಅಷ್ಟು. ಅಗಲ ಒಂದು ಮೊಳ. ಬಣ್ಣ ಮುಂದಿನ ಬಜೆಟ್ಟಿಗೆ. ಅದು ಹುಟ್ಟುವ ರೀತಿ ಎಲ್ಲರಿಗೂ ಗೊತ್ತು. ಒಬ್ಬ ಕುಡಿದು ಓಡಿಸಿ ಗುದ್ದುತ್ತಾನೆ. ಊರವರು ರಸ್ತೆಯಲ್ಲಿ ಕೂರುತ್ತಾರೆ. ಮುಖಂಡರು ಬರುತ್ತಾರೆ. ರಾತ್ರೋರಾತ್ರಿ ಹಂಪ್ಸ್ ಏಳುತ್ತದೆ. ಗುದ್ದಿದವನು ಜಾಮೀನು ತೆಗೆದುಕೊಂಡು ಮನೆಗೆ ಹೋಗುತ್ತಾನೆ. ಶಿಕ್ಷೆ ಆಮೇಲೆ ಅದೇ ದಾರಿಯಲ್ಲಿ 108ರಲ್ಲಿ ಹೋಗುವ ಬಸುರಿಗೆ.

ಪೋರ್ಷೆಯ ಈಗಿನ 911ರಲ್ಲಿ ಒಂದು ಸೌಕರ್ಯ ಇದೆ. ಗುಂಡಿ ಒತ್ತಿದರೆ ಕಾರಿನ ಮೂತಿ ನಾಲ್ಕು ಸೆಂಟಿಮೀಟರ್ ಮೇಲೇಳುತ್ತದೆ. ಎಲ್ಲಿ ಎತ್ತಿದಿರಿ ಎಂಬುದನ್ನು ಜಿಪಿಎಸ್‌ನಲ್ಲಿ ನೆನಪಿಟ್ಟುಕೊಂಡು ಮುಂದಿನ ಸಲ ಅಲ್ಲಿಗೆ ಬಂದಾಗ ತಾನೇ ಎತ್ತುತ್ತದೆ. ಜರ್ಮನಿಯ ಎಂಜಿನಿಯರು ಪಾಪ, ಹಂಪ್ಸ್ ಇದ್ದಲ್ಲೇ ಇರುತ್ತದೆ ಎಂದು ನಂಬಿದ್ದಾನೆ. ನಮ್ಮ ಕಡೆ ಅದು ಪಂಚಾಯ್ತಿ ಚುನಾವಣೆಗೊಮ್ಮೆ ಮನೆ ಬದಲಾಯಿಸುತ್ತದೆ.

ಕಾನೂನಿನ ಮಾತಿಗೆ ಬರೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆಯನ್ನು ವಾಹನಕ್ಕೆ ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಬಂತು. ಮಾಲೀಕ ಅಕ್ರಮವಾಗಿ ಬದಲಾವಣೆ ಮಾಡಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ.

ಕಾರಿನ ಸ್ಪ್ರಿಂಗ್ ಅಳತೆ ತಪ್ಪಿದರೆ ಇಷ್ಟು. ರಸ್ತೆಯ ಅಳತೆ ತಪ್ಪಿದರೆ?

ಅದಕ್ಕೂ ಕಲಂ ಇದೆ. 198ಎ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮಾನದಂಡಕ್ಕೆ ಹೊಂದದೆ, ಅದರಿಂದ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಜವಾಬ್ದಾರರಿಗೆ ಒಂದು ಲಕ್ಷದವರೆಗೆ ದಂಡ. ಗಮನಿಸಿ. ಸಾಯಬೇಕು. ಇಲ್ಲವೇ ಕೈಕಾಲು ಹೋಗಬೇಕು. ಅದೂ ಒಂದು ಲಕ್ಷದ ‘ವರೆಗೆ’. ಸ್ಪ್ರಿಂಗು, ಶಾಕು ಒಟ್ಟಿಗೇ ಬರುವ ಒಳ್ಳೆಯ ಕಾಯಿಲೋವರ್ ಸೆಟ್ಟಿಗಿಂತ ಅಗ್ಗ.

ಈ ಕಾಯ್ದೆ ಯಾರನ್ನು ಹಿಡಿಯುತ್ತದೆ ಎಂಬುದನ್ನು ಹೆದ್ದಾರಿ ಬದಿ ನಿಂತು ನೋಡಬೇಕು. ಪಿಕಪ್ಪಿನವನೂ ಸಸ್ಪೆನ್ಷನ್ ಬದಲಾಯಿಸಿದ್ದಾನೆ. ಹಿಂದಿನ ಸ್ಪ್ರಿಂಗ್ ಕಟ್ಟಿಗೆ ಎರಡು ಪ್ಲೇಟು ಜಾಸ್ತಿ ಸೇರಿಸಿದ್ದಾನೆ. ಇಲ್ಲದಿದ್ದರೆ ಅಷ್ಟೊಂದು ಬಾಕ್ಸು ಏರಿಸಿದ ಗಾಡಿಯ ಬೆನ್ನು ನೆಲಕ್ಕೆ ತಾಗುತ್ತದೆ. ಗಾಡಿಗೆ ಅದು ಒಳ್ಳೆಯದಲ್ಲ. ಬ್ರೇಕು ಹಳೆಯದೇ, ಟೈರು ಹಳೆಯದೇ, ಖಾಲಿ ವಾಪಸ್ ಬರುವಾಗ ಹಿಂದಿನ ಚಕ್ರ ನೆಗೆದಾಡುತ್ತದೆ. ತಪ್ಪು ತಪ್ಪೇ. ಪೊಲೀಸರು ಅವನನ್ನು ತಡೆಯುತ್ತಾರೆ. ಓವರ್‌ಲೋಡಿಗೆ ಕಾಯ್ದೆ ಹೇಳುವುದು 20,000, ಮೇಲೆ ಹೆಚ್ಚುವರಿ ಟನ್ನಿಗೆ 2,000. ಅವನು ಕೈ ಮುಗಿಯುತ್ತಾನೆ. ಎಷ್ಟಕ್ಕೋ ಇತ್ಯರ್ಥವಾಗುತ್ತದೆ.

ಹಿಂದೆಯೇ ನೆಲಕ್ಕೆ ಕುಂತ ಕಾರು ಬರುತ್ತದೆ. ಅದನ್ನೂ ತಡೆಯುತ್ತಾರೆ. ಸೆಲ್ಫಿಗೆ.

ಒಂದು ಪಿಕಪ್ಪಿನ ಹುಡುಗ ಇಂಥದ್ದನ್ನು ನೋಡಿ ಕಾರಿನವನನ್ನೇ ಕೇಳಿದನಂತೆ. ‘ನಮ್ದಾದ್ರೆ ಟೊಮೊಟ ಲೋಡು. ನಿಮ್ದು ಏನ್ ಲೋಡಣ್ಣ?’

ಹೋಗಲಿ, ಮಜಾ ಆದರೂ ಬರುತ್ತದೆಯೇ? ಇಷ್ಟೆಲ್ಲ ಕಷ್ಟ ಅದಕ್ಕೇ ತಾನೆ. ಗಟ್ಟಿ ಸ್ಪ್ರಿಂಗ್, ಅಗಲ ಟೈರು, ತೆಳ್ಳನೆ ಸೈಡ್‌ವಾಲ್ ಕೂಡಿದ ಕಾರು ತನ್ನ ರುಚಿ ತೋರಿಸುವುದು ಟೈರಿನ ಹಿಡಿತ ಮುಗಿಯುವ ಅಂಚಿನಲ್ಲಿ. ಹಿಡಿತ ಹೆಚ್ಚಿಸಿದಷ್ಟೂ ಆ ಅಂಚು ಹೆಚ್ಚು ವೇಗಕ್ಕೆ ಓಡಿಹೋಗುತ್ತದೆ. ಊರ ರಸ್ತೆಯಲ್ಲಿ ಆ ವೇಗ ಮುಟ್ಟಿದರೆ ಮುಂದಿನ ನಿಲ್ದಾಣ ಪೊಲೀಸ್ ಠಾಣೆ, ಇಲ್ಲವೇ ಕೋಲಾರದ ಜಿಲ್ಲಾಸ್ಪತ್ರೆ. ಮುಟ್ಟದಿದ್ದರೆ ಉಳಿಯುವುದು ಬೆನ್ನುನೋವು.

ಇದು ಕಾರು ಕಟ್ಟುವವರಿಗೆ ಗೊತ್ತಿಲ್ಲದ ಗುಟ್ಟೇನಲ್ಲ. ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್, 1962ರ ಎಲಾನ್ ಕಾರಿಗೆ ಮೆತ್ತನೆಯ ಸ್ಪ್ರಿಂಗ್, ಚಕ್ರ ಆಡುವುದಕ್ಕೆ ಧಾರಾಳ ಜಾಗ, ಅದಕ್ಕೆ ತಕ್ಕ ಶಾಕ್ ಕೊಟ್ಟ. ಇಂಗ್ಲೆಂಡಿನ ಹಳ್ಳಿ ದಾರಿಗಳೂ ಗುಂಡಿಗುಂಡಿಯೇ. ಕಾರು ವಾಲುತ್ತಿತ್ತು, ಟೈರು ನೆಲ ಬಿಡುತ್ತಿರಲಿಲ್ಲ. ಓಡಿಸುವುದರಲ್ಲಿ ಮಜಾ ಅಂದರೇನು ಎಂದು ಕೇಳಿದವರಿಗೆ ಇವತ್ತಿಗೂ ಆ ಕಾರನ್ನೇ ತೋರಿಸುತ್ತಾರೆ. ಟೊಯೊಟಾ 2012ರಲ್ಲಿ ಜಿಟಿ86 ಎಂಬ ಸ್ಪೋರ್ಟ್ಸ್ ಕಾರು ತಂದಾಗ ತನ್ನದೇ ಪ್ರಿಯಸ್ ಕಾರಿಗೆ ಹಾಕುವಂಥ ಟೈರು ತೊಡಿಸಿತು. ಪ್ರಿಯಸ್ ಪೆಟ್ರೋಲ್ ಉಳಿಸುವವರ ಕಾರು. ಹಿಡಿತ ಬೇಕೆಂದೇ ಕಮ್ಮಿ ಇಟ್ಟರು, ಕಮ್ಮಿ ವೇಗದಲ್ಲೇ ಮಜಾ ಸಿಗಲಿ ಎಂದು. ನಮ್ಮವರು ಇಂಥ ಕಾರು ಸಿಕ್ಕರೆ ಮೊದಲ ವಾರವೇ ಟೈರು ಕಿತ್ತು ಎಸೆಯುತ್ತಾರೆ.

ದೂರ ಯಾಕೆ? ನಮ್ಮ ರಾಜ್ಯದಲ್ಲೇ ಕೆ-1000 ರ್‍ಯಾಲಿ ನಡೆಯುತ್ತದೆ. ಮಣ್ಣಿನ ದಾರಿ, ಕಲ್ಲು, ಧೂಳು, ಅಂದರೆ ಬೈರಕೂರಿಗೆ ಹತ್ತಿರದ ನೆಂಟಸ್ತಿಕೆ. ಅಲ್ಲಿ ಗೆಲ್ಲಲು ಬಂದವರ ಕಾರಿನ ಚಕ್ರಕ್ಕೂ ಮೈಗೂ ನಡುವೆ ಎಷ್ಟು ಜಾಗ ಇರುತ್ತದೆ ಎಂದು ಹೋಗಿ ನೋಡಬೇಕು. ಬೆರಳು ತೂರದ ಹಾಗೆ ತಗ್ಗಿಸಿದ ಕಾರು ಅಲ್ಲಿ ಮೊದಲ ಕಿಲೋಮೀಟರ್ ಮುಗಿಸುವುದಿಲ್ಲ.

‘ನಮಗೆ ಎಕ್ಸ್‌ಪ್ರೆಸ್‌ವೇ ಇದೆಯಲ್ಲ’ ಅನ್ನುವವರಿದ್ದಾರೆ. ಇದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ. ಹೊಸಕೋಟೆಯಿಂದ ಬೇತಮಂಗಲದವರೆಗಿನ ಭಾಗ 2024ರ ಡಿಸೆಂಬರ್‌ನಲ್ಲಿ ತೆರೆಯಿತು. ಮಾಲೂರಿನ ಮೇಲೆ ಹಾದು ಹೋಗುತ್ತದೆ. 120 ಕಿ.ಮೀ. ವೇಗಕ್ಕೆಂದೇ ಕಟ್ಟಿದ್ದು. ಹಂಪ್ಸ್ ಇಲ್ಲ. ಒಂದೇ ತೊಂದರೆ, ತಿರುವೂ ಇಲ್ಲ. ಇರುವ ಬಾಗುಗಳಲ್ಲಿ ಲಾರಿಯವರು ಬೀಡಿ ಹಚ್ಚಿಕೊಂಡು ಒಂದು ಕೈಯಲ್ಲಿ ತಿರುಗಿಸುತ್ತಾರೆ. ತಿರುವಿಗೆಂದು ಎರಡು ಲಕ್ಷ ಸುರಿದವರು ನೆಟ್ಟಗಿನ ರಸ್ತೆ ಹುಡುಕಿಕೊಂಡು ಹೋಗಿ, ನೆಟ್ಟಗೆ ಓಡಿಸಿ, ರೀಲ್ಸ್ ಮಾಡಿ, ನೆಟ್ಟಗೆ ವಾಪಸ್ ಬರುತ್ತಾರೆ.

ತಿರುವು ನಿಜಕ್ಕೂ ಬೇಕಿದ್ದವರಿಗೆ ಜಾಗ ಇದೆ. ಮುಳಬಾಗಿಲಿನಿಂದ ಚೆನ್ನೈ ಕಡೆ ಸುಮಾರು ಇನ್ನೂರು ಕಿ.ಮೀ. ಹೋದರೆ ಶ್ರೀಪೆರಂಬುದೂರಿನ ಹತ್ತಿರ ಇರುಂಗಾಟುಕೋಟೈ. ಅಲ್ಲಿ 1990ರಿಂದ ರೇಸ್ ಟ್ರ್ಯಾಕ್ ಇದೆ. 3.7 ಕಿ.ಮೀ. ಸುತ್ತು. ಟ್ರ್ಯಾಕ್ ಡೇ ನಡೆಯುತ್ತದೆ. ದುಡ್ಡು ಕಟ್ಟಿ, ಹೆಲ್ಮೆಟ್ ಹಾಕಿ, ಎಷ್ಟು ಬೇಕೋ ಅಷ್ಟು ತಿರುಗಿಸಬಹುದು. ಗಟ್ಟಿ ಸ್ಪ್ರಿಂಗ್, ತಗ್ಗಿದ ಮೈ, ದಪ್ಪ ಬಾರ್, ಎಲ್ಲಕ್ಕೂ ಅಲ್ಲಿ ಅರ್ಥ ಇದೆ. ಕಾಯಿಲೋವರ್ ಶಾಕಿನ ತಲೆಯ ಮೇಲೆ ಮೂವತ್ತೆರಡು ಹಂತದ ತಿರುಪು ಕೊಟ್ಟಿರುತ್ತಾರಲ್ಲ, ಅದನ್ನು ಒಂದೊಂದೇ ಹಂತ ತಿರುಗಿಸಿ ವ್ಯತ್ಯಾಸ ಕಂಡುಕೊಳ್ಳುವವರು ಅಲ್ಲಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಅವರು ಬೈರಕೂರಿಗೆ ಬಂದರೆ ಮಾಮೂಲಿ ಕಾರಿನಲ್ಲಿ ಬಂದು, ದೋಸೆ ತಿಂದು, ತೆಪ್ಪಗೆ ಹೋಗುತ್ತಾರೆ.

ಭಾನುವಾರದವರು ಅಲ್ಲಿಗೆ ಹೋಗುವುದಿಲ್ಲ. ಟ್ರ್ಯಾಕಿನಲ್ಲಿ ಸಮಯ ಅಳೆಯುತ್ತಾರೆ. ಕಂಪನಿ ಸ್ಪ್ರಿಂಗಿನ ಮಾಮೂಲಿ ಕಾರು ಮುಂದೆ ಹೋಗಿಬಿಟ್ಟರೆ?

ನಮ್ಮ ಊರವರನ್ನೂ ಸುಮ್ಮನೆ ಬಿಡುವ ಹಾಗಿಲ್ಲ. ಕಾರಿನವರನ್ನು ನೋಡಿ ನಗುವ ಇವರೇ ಸುಗ್ಗಿಯಲ್ಲಿ ರಸ್ತೆಯನ್ನು ಕಣ ಮಾಡುತ್ತಾರೆ. ರಾಗಿ ತೆನೆ ಹರಡುತ್ತಾರೆ, ಹುರುಳಿ ಹರಡುತ್ತಾರೆ. ಹೋಗಿ ಬರುವ ವಾಹನ ತುಳಿದು ಕೊಡಬೇಕು. ಪುಕ್ಕಟೆ ಒಕ್ಕಣೆ. ಒಣಗಿದ ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಬೆಂಕಿ ಹತ್ತಿ, ಕಾರು ಕರಕಲಾದ ಸುದ್ದಿ ಆಗಾಗ ಪೇಪರಿನಲ್ಲಿ ಬರುತ್ತದೆ. ತಗ್ಗಿಸಿದ ಕಾರಿಗೆ ಆ ಭಾಗ್ಯ ಇನ್ನೂ ಹತ್ತಿರ. ಮನೆಗೆ ನಲ್ಲಿ ಎಳೆಯುವಾಗ ಹೊಸ ಡಾಂಬರು ಕತ್ತರಿಸಿ, ಮಣ್ಣು ಮುಚ್ಚಿ, ಎರಡು ಕಲ್ಲಿಟ್ಟು ಹೋಗುವವರೂ ಇವರೇ. ರಸ್ತೆ ಸರಿ ಇಲ್ಲ ಎಂದು ತಹಶೀಲ್ದಾರರಿಗೆ ಅರ್ಜಿ ಕೊಡುವವರೂ ಇವರೇ.

ಆ ಅರ್ಜಿಗೆ ಕಾರಿನವರು ಸಹಿ ಹಾಕುವುದಿಲ್ಲ. ರಸ್ತೆಗಾಗಿ ಒಂದು ಪೋಸ್ಟ್‌ಕಾರ್ಡ್ ಬರೆದವರಲ್ಲ. ಕಾರಿಗೆ ಮಾತ್ರ ಖರ್ಚು ಮಾಡುತ್ತಲೇ ಇರುತ್ತಾರೆ. ರಿಮ್ ಬೆಂಡ್, ಹೊಸ ರಿಮ್. ಬಂಪರ್ ಸೀಳು, ಹೊಸ ಬಂಪರ್. ಟೈರಿನ ಒಳಅಂಚು ಸವೆದು ತಂತಿ ಕಾಣುತ್ತದೆ, ಹೊಸ ಟೈರು. ತಿಳಿಸದೆ ಮಾಡಿಸಿದ ಬದಲಾವಣೆ ಎಂದು ವಿಮೆಯವರು ಕ್ಲೇಮಿಗೆ ಕೈ ಎತ್ತಿದರೆ ವ್ಯವಸ್ಥೆ ಸರಿಯಿಲ್ಲ ಎಂದು ಬೈಗುಳ.

ಆರು ತಿಂಗಳಿಗೆ ಸಾಕಾಗುತ್ತದೆ. ಹೆಂಡತಿ ಆ ಕಾರಿಗೆ ಹತ್ತುವುದಿಲ್ಲ ಅಂದಿರುತ್ತಾಳೆ. ಅಮ್ಮನಿಗೆ ಹತ್ತಿದರೆ ಇಳಿಯಲಾಗುವುದಿಲ್ಲ. ಮಾರಾಟದ ಜಾಹೀರಾತು ಬೀಳುತ್ತದೆ: ‘ಪೂರ್ತಿ ಬಿಲ್ಡ್ ಕಾರು, ಎಂಟು ಲಕ್ಷದ ಪಾರ್ಟ್ಸ್, ಗೊತ್ತಿರುವವರು ಮಾತ್ರ ಫೋನ್ ಮಾಡಿ.’ ಗೊತ್ತಿರುವವರು ಫೋನ್ ಮಾಡುವುದಿಲ್ಲ.

ಹೇಗೋ ಕಾರು ಹೋಯಿತು. ಈಗ ಆ ಮನುಷ್ಯ ಥಾರ್ ಕೊಂಡಿದ್ದಾನೆ. ಎತ್ತರದ ಗಾಡಿ, ನೆಲಕ್ಕೂ ಹೊಟ್ಟೆಗೂ ಒಂದು ಮಗು ತೂರುವಷ್ಟು ಜಾಗ. ಬೈರಕೂರಿನ ಯಾವ ಹಂಪ್ಸೂ ಅದನ್ನು ಮುಟ್ಟಲಾರದು. ಕೊನೆಗೂ ಬುದ್ಧಿ ಬಂತು ಅಂದುಕೊಂಡೆ.

ಮೊನ್ನೆ, ಹಳೇ ಕಾರು ತಗ್ಗಿಸಿದ್ದ ಅದೇ ವರ್ಕ್‌ಶಾಪಿನ ಮುಂದೆ ಥಾರ್ ನಿಂತಿತ್ತು. ನಾಲ್ಕೂ ಚಕ್ರ ಬಿಚ್ಚಿದ್ದರು. ಲಿಫ್ಟ್ ಕಿಟ್ ಹಾಕಿ ಇನ್ನೂ ಎರಡು ಇಂಚು ಎತ್ತಿಸುತ್ತಿದ್ದಾನಂತೆ. ಯಾಕಪ್ಪಾ, ಇಷ್ಟು ಎತ್ತರ ಸಾಲದೇ ಎಂದೆ.

‘ಹ್ಯಾಂಡ್ಲಿಂಗ್‌ಗೆ ಅಂಕಲ್.’